‘ಪರವಾ’ ಎಂದದ್ದಕ್ಕೆ ಅಥಣಿಗೆ ಹೊರಟ ಲಾರಿ

ನನ್ನ ಹೆಸರು ಬಾಪುಸಾಹೇಬ ತಾತ್ಯಾಸಾಹೇಬ ಮಗದುಮ್, ವಯಸ್ಸು 61, ಉದ್ಯೋಗ ತಂಬಾಕು ವ್ಯಾಪಾರ, ಸಾಕಿನ ಅಕ್ಕೋಳ ರಸ್ತೆ, ನಿಪ್ಪಾಣಿ. ನಾನೇ ಇಂದು ಕೊಟ್ಟ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಹೇಳಿ ಬರೆಸುವುದೇನೆಂದರೆ,

ನನ್ನ ಗೋದಾಮಿನಿಂದ ಮಾಲು ಕಳಿಸುವ ಕೆಲಸವನ್ನು ಆರು ತಿಂಗಳಿಂದ ಸೊಸೆ ರೂಪಾಲಿ ಹಾಕಿಸಿದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದೆ. ಲಾರಿ ತುಂಬಿದ ಕೂಡಲೇ ‘ಕಳಿಸಬಹುದೇ’ ಎಂದು ನನ್ನ ಮೊಬೈಲಿಗೆ ಸಂದೇಶ ಬರುತ್ತದೆ. ನಾನು ಒಪ್ಪಿದರೆ ಗೇಟ್ ಪಾಸ್ ತಾನಾಗಿ ಚಾಲಕನ ಮೊಬೈಲಿಗೆ ಹೋಗುತ್ತದೆ.

ಇಂದು ಬೆಳಿಗ್ಗೆ 9-40ಕ್ಕೆ ಅಥಣಿಯ ಲೋಡಿನ ಬಗ್ಗೆ ಸಂದೇಶ ಬಂತು. ಎರಡು ದಿನ ತಡೆದು ಕಳಿಸಲು ಖರೀದಿದಾರರು ಹೇಳಿದ್ದರಿಂದ ‘ಪರವಾ’ ಎಂದು ಬರೆದು ಬ್ಯಾಂಕಿಗೆ ಹೋದೆ. 11-30ಕ್ಕೆ ಗೋದಾಮಿಗೆ ಬಂದಾಗ ಲಾರಿ ಇರಲಿಲ್ಲ. ಚಾಲಕ ದಶರಥ ಕಾಂಬಳೆ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಫೋನ್ ಎತ್ತಲಿಲ್ಲ. ಮಾಲು ಹೊಡೆದುಕೊಂಡು ಹೋದನೆಂದು ತಿಳಿದು ದೂರು ಕೊಟ್ಟೆ. ಪೊಲೀಸರು ಚಿಕ್ಕೋಡಿಯ ಆಚೆ ಒಂದು ಚಹಾ ಅಂಗಡಿ ಎದುರು ಲಾರಿ ತಡೆದು ಅವನನ್ನು ಕರೆತಂದರು.

ದಶರಥ ಮೊಬೈಲಿನಲ್ಲಿದ್ದ ಪಾಸ್ ತೋರಿಸಿ, ‘ನೀವ ಕಳಿಸೀರಿ ಸಾವ್ಕಾರ್ರ. ಗಾಡಿ ಹೊಡಿಯಾಗ ಫೋನ್ ಎತ್ತಬ್ಯಾಡ ಅಂದಾವ್ರೂ ನೀವ’ ಎಂದನು. ಪಾಸ್ ಖೋಟಾ ಎಂದು ನಾನು ಹೇಳಿದೆ. ಅಷ್ಟರಲ್ಲಿ ಬಂದ ರೂಪಾಲಿ, ನಾನು ಏನು ಉತ್ತರ ಬರೆದಿದ್ದೆನೆಂದು ಕೇಳಿದಳು. ಹೇಳಿದೆ. ಅವಳು ಹಣೆ ಹಿಡಿದುಕೊಂಡು, ‘ಮಾಮಾ, ದಿನಾ ನೀವು ಪರವಾ ಇಲ್ಲ ಕಳಸ್ರಿ ಅಂತ ಬರೀತೀರಿ. ಪರವಾ ಅಂದ್ರ ಹೂಂ ಅಂತ ನಾನ ಅದಕ್ಕ ಕಲಿಸೇನಿ’ ಎಂದಳು. ನಾನು ಬರೆದದ್ದು ಮರಾಠಿಯ ಪರವಾ, ಅಂದರೆ ನಾಡಿದ್ದು. ಮನೆಯಲ್ಲಿ ನಾವು ಎರಡೂ ಭಾಷೆ ಕೂಡಿಸಿಯೇ ಮಾತನಾಡುತ್ತೇವೆ. ಹವಾಲ್ದಾರರು, ‘ನಿಮ್ಮ ಮಾತು ಮನಷ್ಯಾರಿಗೇ ತಿಳಿಯಾಂಗಿಲ್ಲ, ಪಾಪ ಅದೇನ್ ಮಾಡೀತು’ ಎಂದು ನಕ್ಕರು.

ದಶರಥ ನಗಲಿಲ್ಲ. ಲಾರಿ ತಡೆದಾಗ ಜನ ವಿಡಿಯೋ ಮಾಡಿದರೆಂದೂ, ಇನ್ನು ತನ್ನ ಕೈಗೆ ಯಾರು ಗಾಡಿ ಕೊಡುತ್ತಾರೆಂದೂ ಕೇಳಿದನು.

ಸಾಫ್ಟ್‌ವೇರ್ ತೆಗೆಸಿಬಿಡುವಂತೆ ನಾನು ರೂಪಾಲಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ‘ಬರೇ ಬಾಯಿಮಾತಿನ ಮ್ಯಾಲ ಹೋಗಿದ್ರ ಇವತ್ತ ದಶರಥನ್ನ ಯಾರು ನಂಬತಿದ್ರು?’ ಎಂದಳು. ಇನ್ನು ಮುಂದೆ ಬರೆಯುವ ಬದಲು ತಾರೀಖನ್ನು ಒತ್ತುವಂತೆ ಠಾಣೆಯಲ್ಲೇ ಕುಳಿತು ಬದಲಿಸಿದಳು.

ದಶರಥನದು ಯಾವ ತಪ್ಪೂ ಇಲ್ಲ. ನನ್ನ ದೂರು ಹಿಂತೆಗೆದುಕೊಳ್ಳುತ್ತೇನೆ. ಲಾರಿಯ ಕೀಲಿಯನ್ನು ಅವನ ಕೈಗೇ ಕೊಡಬೇಕೆಂದು ಕೋರುತ್ತೇನೆ. ನಾಡಿದ್ದು ಆ ಲೋಡನ್ನು ಅವನೇ ಒಯ್ಯುತ್ತಾನೆ, ನಾನು ಪಕ್ಕದಲ್ಲಿ ಕುಳಿತು ಹೋಗುತ್ತೇನೆ. ‘ಕಳ್ಳನ ಬಾಜೂಕ ಕುಂದರತೀರೇನ್ರಿ?’ ಎಂದು ಅವನು ಕೇಳಿದನು. ಆ ಚಹಾ ಅಂಗಡಿ ಎದುರು ಗಾಡಿ ನಿಲ್ಲಿಸು, ನಡೆದದ್ದನ್ನು ಅಲ್ಲಿದ್ದವರಿಗೆ ನಾನೇ ಇಳಿದು ಹೇಳುತ್ತೇನೆ ಎಂದೆ. ಅವನು ಒಪ್ಪಿದ್ದಾನೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ನಿಪ್ಪಾಣಿ
ದಿನಾಂಕ: 12-02-2025
ಸಹಿ: ಬಾ. ತಾ. ಮಗದುಮ್