ಒಂದೂ ದೂರಿಲ್ಲದ ಬೀದಿ

ಮಾನ್ಯ ಅಧ್ಯಕ್ಷರೇ, ವೇದಿಕೆ ತುಂಬಿರುವ ಎಂಜಿನಿಯರ್ ಸಾಹೇಬರೇ, ಸಭಿಕರೇ, ಮೊದಲು ಆ ಹಿಂದಿನ ಮೂರು ಫ್ಯಾನ್ ಆರಿಸಿ. ಖಾಲಿ ಕುರ್ಚಿಗಳಿಗೆ ಸೆಕೆಯಾಗುತ್ತದೆಯೇ? ವಿದ್ಯುತ್ ಉಳಿತಾಯದ ವಾರ್ಷಿಕ ಸಭೆಯಂತೆ, ಹಾಡಹಗಲಲ್ಲಿ ಹದಿನಾರು ದೀಪ ಉರಿಯುತ್ತಿವೆ. ನಾಚಿಕೆಯಾಗಬೇಕು. ನಾನು ಕಲಿತದ್ದು ನಾಲ್ಕನೇ ಕ್ಲಾಸು, ಆದರೂ ಎಣಿಸಲು ಬರುತ್ತದೆ.

ಹಾಂ, ಆರಿತು. ಈಗ ಮಾತಾಡಬಹುದು.

ಈ ವರ್ಷ ನಿಮ್ಮ ವಿದ್ಯುತ್ ಕಂಪನಿ ಬಹಳ ಮುಂದೆ ಹೋಗಿದೆ ಎಂದು ಸಾಹೇಬರು ಈಗಷ್ಟೇ ಓದಿದರು. ಬಳಕೆ ಇಳಿಯಿತು, ದೂರು ಇಳಿಯಿತು. ಅದರಲ್ಲೂ ನಮ್ಮ ಬೀದಿಯಿಂದ ಮೂರು ವರ್ಷದಲ್ಲಿ ಒಂದೂ ದೂರಿಲ್ಲ. ಮಿತಬಳಕೆಯಲ್ಲಿ ನನ್ನ ಮನೆಯೇ ಮೊದಲು. ಅದಕ್ಕೇ ನನಗೆ ಈ ಫಲಕ. ಸಂತೋಷ. ಹಳೆಯ ಬಲ್ಬುಗಳನ್ನೆಲ್ಲ ಬದಲಿಸಿದೆ, ಬಚ್ಚಲ ದೀಪ ಆರಿಸದೆ ಬಂದ ಮೊಮ್ಮಕ್ಕಳ ಕಿವಿ ಹಿಂಡಿದೆ. ನನ್ನ ಕೈಗೆ ಸಿಗದೆ ಉಳಿದದ್ದು ಒಂದೇ, ನನ್ನ ಅಕ್ಕನ ಉಸಿರಾಟದ ಯಂತ್ರ. ಅದು ಹಗಲಿರುಳೂ ಓಡಲೇಬೇಕು. ಕರೆಂಟ್ ಹೋದರೆ ಅದರ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ. ಆಮೇಲಿಲ್ಲ.

ಹಾಗಾದರೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದೇ ಇಲ್ಲವೇ? ಹೋಗುತ್ತದೆ, ಮುನಿದ ಅಳಿಯನ ಹಾಗೆ, ಹೇಳದೆ ಕೇಳದೆ. ಹೋದ ಕೂಡಲೇ ನಾನು ಮಹಡಿಯ ಕಂಬಿಗೆ ಕೆಂಪು ಹೊದಿಕೆ ನೇತುಹಾಕುತ್ತೇನೆ, ರಾತ್ರಿಯಾದರೆ ಪಕ್ಕದಲ್ಲೊಂದು ಲಾಟೀನು. ಬೀದಿಯ ತುದಿಯಲ್ಲಿರುವ ನಿಮ್ಮ ಚಿಕ್ಕ ಆಫೀಸಿನ ಲೈನ್‌ಮನ್ ಅದನ್ನು ಕಂಡು ಏಣಿ ಹೊತ್ತು ಬರುತ್ತಾನೆ. ಹನ್ನೊಂದು ನಿಮಿಷ ದಾಟಿದ್ದಿಲ್ಲ. ನಾನೊಮ್ಮೆ ಫೋನ್ ಮಾಡಲು ಹೊರಟಾಗ ಅವನೇ ತಡೆದ.

"ಫೋನ್ ಯಾಕಮ್ಮ? ದೂರು ಬರೆಸಿದ್ರೆ ಮೇಲಿನವ್ರು ನಮ್ಮನ್ನೇ ಬೈತಾರೆ. ಬಟ್ಟೆ ಕಂಡ್ರೆ ಸಾಕು, ಬಂದ್ಬಿಡ್ತೀನಿ."

ಅವನು ಬರೆಯಲಿಲ್ಲ, ನಾನು ಬರೆಸಲಿಲ್ಲ. ನೀವು ಕಾಗದ ನೋಡಿದಿರಿ. ದೂರೇ ಇಲ್ಲದ ಬೀದಿಗೆ ಲೈನ್‌ಮನ್ ಯಾಕೆ ಎಂದು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಆ ಆಫೀಸನ್ನೇ ಮುಚ್ಚಿ ಅವನನ್ನು ಎತ್ತಂಗಡಿ ಮಾಡುತ್ತಿದ್ದೀರಿ. ಕಳ್ಳರು ಬರುವುದಿಲ್ಲವೆಂದು ಕಾವಲಿನ ನಾಯಿಯನ್ನು ಓಡಿಸಿದ ಹಾಗೆ.

ನಾಯಿ ಅಂದೆನೆಂದು ಅವನೇನೂ ಬೇಸರಿಸುವುದಿಲ್ಲ, ನನ್ನ ಬಾಯಿಂದ ಇದಕ್ಕಿಂತ ಕೆಟ್ಟದ್ದನ್ನು ಕೇಳಿದ್ದಾನೆ. ಹದಿನೆಂಟು ವರ್ಷದ ಹಿಂದೆ ನನ್ನ ಕಿರಿಮಗಳನ್ನು ಕೇಳಿಕೊಂಡು ಬಂದಿದ್ದ. ಅವಳಿಗೂ ಮನಸ್ಸಿತ್ತು. "ಕಂಬ ಹತ್ತೋನಿಗೆ ಮಗಳನ್ನ ಕೊಟ್ಟು ನಾನು ಆಕಾಶ ನೋಡ್ತಾ ಕೂರ್ಲಾ?" ಎಂದು ಬಾಗಿಲಿನಿಂದಲೇ ಕಳಿಸಿದೆ. ಆಮೇಲೆ ಹುಡುಕಿ ತಂದ ಅಳಿಯ ದೊಡ್ಡ ಅಧಿಕಾರಿ. ಅವನ ಕಾಲೂ ನೆಲದ ಮೇಲಿಲ್ಲ, ಏಣಿಯೊಂದಿಲ್ಲ ಅಷ್ಟೆ. ಅಕ್ಕ ಹಾಸಿಗೆ ಹಿಡಿದು ಮೂರು ವರ್ಷವಾಯಿತು, ಒಂದು ಸಲವೂ ಬಂದು ನೋಡಿಲ್ಲ. ಇವನು ಎಷ್ಟು ಸಲ ಬಂದ ಎಂದರೆ... ಇರಲಿ. ಇದನ್ನೆಲ್ಲ ಯಾಕೆ ಹೇಳಿದೆ? ಸ್ವಲ್ಪ ನೀರು ಕೊಡಿ.

ನಿನ್ನೆ ನಿಮ್ಮ ಕಚೇರಿಗೇ ಹೋಗಿ ವಿಚಾರಿಸಿದೆ. ಗುಮಾಸ್ತರು ಬಹಳ ವಿನಯದಿಂದ, ಇನ್ನು ಮುಂದೆ ದೊಡ್ಡ ಆಫೀಸಿನಿಂದ ನಾಲ್ಕು ಗಂಟೆಯೊಳಗೆ ಜನ ಬರುತ್ತಾರೆ ಎಂದರು. ನಾಲ್ಕು ಗಂಟೆ. ಅಷ್ಟು ಹೊತ್ತು ಉಸಿರು ಬಿಗಿಹಿಡಿಯಲು ಈ ವೇದಿಕೆಯ ಮೇಲೆ ಯಾರಿಗಾದರೂ ಬರುತ್ತದೆಯೇ? ಬಂದರೆ ಅಕ್ಕನಿಗೂ ಕಲಿಸಿಕೊಡಿ.

ದೂರಿದ್ದರೆ ಮಾತ್ರ ಲೈನ್‌ಮನ್ ಉಳಿಯುತ್ತಾನೆ ಎಂದಾದರೆ ಅದಕ್ಕೂ ದಾರಿ ಮಾಡಿದ್ದೇನೆ. ಬೀದಿಯ ನಲವತ್ತೊಂದು ಮನೆಗೂ ನಿಮ್ಮ ದೂರಿನ ನಂಬರು ಹಂಚಿಯಾಗಿದೆ. ಇನ್ನು ಕರೆಂಟ್ ಒಂದು ನಿಮಿಷ ಹೋದರೂ ನಲವತ್ತೊಂದು ಫೋನ್. ಎದುರುಮನೆಯ ತಾತ ಮಾತು ಶುರುಮಾಡಿದರೆ ನೀವು ಊಟಕ್ಕೆ ಏಳುವ ಹಾಗಿಲ್ಲ, ಈಗಲೇ ಹೇಳಿರುತ್ತೇನೆ. ಲೈನ್‌ಮನ್ ನಿಮ್ಮಿಂದ ಬೈಸಿಕೊಂಡರೆ ಬೈಸಿಕೊಳ್ಳಲಿ. ನಮ್ಮ ಬೀದಿಯಲ್ಲೇ ಇದ್ದು ಬೈಸಿಕೊಳ್ಳಲಿ.

ಫಲಕ ಸದ್ಯಕ್ಕೆ ಈ ಮೇಜಿನ ಮೇಲೇ ಇರಲಿ. ಕರೆದು ಕೂರಿಸಿ, ಬೈಸಿಕೊಂಡೂ ಚಪ್ಪಾಳೆ ತಟ್ಟಿದ ನಿಮಗೆಲ್ಲ ಉಪಕಾರ, ನಮಸ್ಕಾರ. ಅವನು ಇರುತ್ತಾನೋ ಇಲ್ಲವೋ, ಒಂದೇ ಮಾತು, ದಪ್ಪ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಮುಂದಿನ ತಿಂಗಳು ಹುಟ್ಟುವ ಮೊದಲು ನನ್ನ ಮನೆಗೆ ಕಳಿಸಿ.