ಖಾಲಿ ಅಂತ ಬರೆದ ಟ್ಯೂಬು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು ಇದು. ರಾತ್ರಿ ಹನ್ನೊಂದೂವರೆ. ಲ್ಯಾಬಿನ ಹಿಂದಿನ ಹಾಳು ಬಾವಿ ದಾಟಿ ಒಬ್ಬಳೇ ಮನೆಗೆ ಹೊರಟಿದ್ದಳು. ಹಿಂದೆ ಚಪ್ಪಲಿ ಸದ್ದು. ಚಟ್... ಸರ್ರ್... ಚಟ್... ಸರ್ರ್... ಹೊಟ್ಟೆ ಭಾರಕ್ಕೆ ಒಂದು ಕಾಲು ಎಳೆದು ನಡೆಯೋರ ಸದ್ದು. ಹಾಗೆ ನಡೀತಿದ್ದವನು ಅವಳ ತಮ್ಮ. ಅವನು ತೀರಿಕೊಂಡು ಏಳು ತಿಂಗಳಾಗಿತ್ತು.

ಅವಳ ಕೆಲಸ ಏನು ಗೊತ್ತಾ? ಹೊಟ್ಟೆ ತುಂಬ ಲೋಳೆ ಕಟ್ಟಿಸೋ ಕ್ಯಾನ್ಸರ್ ಒಂದಿದೆ, ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರೋದು. ಆ ಲೋಳೆಯಲ್ಲಿ ಯಾವ್ಯಾವ ಪ್ರೋಟೀನ್ ಇದೆ ಅಂತ ಹುಡುಕೋದು. ತಮ್ಮನಿಗೆ ಹೊಟ್ಟೆ ಬಂದಾಗ "ಗುಂಡ" ಅಂತ ಹೆಸರಿಟ್ಟು ನಕ್ಕವಳೂ ಅವಳೇ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿಗೆ ಬಿದ್ದ ಹಾಗಾಯ್ತು. ಅದೇ ರೋಗ ಅಂತ ಗೊತ್ತಾಗೋ ಹೊತ್ತಿಗೆ ಕೈ ಮೀರಿತ್ತು.

ಆಪರೇಷನ್ನಲ್ಲಿ ತೆಗೆದ ಅವನ ಲೋಳೆ ಅವಳ ಲ್ಯಾಬಿಗೇ ಬಂತು. ಹೆಸರಿಲ್ಲ, ಬರೀ ನಂಬರು; ಆದರೆ ಆಪರೇಷನ್ ತಾರೀಖು ನೋಡಿದ ಕೂಡಲೇ ಇವಳಿಗೆ ಗೊತ್ತಾಗಿತ್ತು. ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿಟ್ಟರು. ಪರೀಕ್ಷೆಗೆ ತೆಗೆದಷ್ಟೂ ಮುಗಿಯುತ್ತೆ. ಕೊನೆಗೆ ಒಂದೇ ಟ್ಯೂಬು ಉಳೀತು. ಲ್ಯಾಬ್ ನಡೆಸೋ ಮೇಡಂ ಅದನ್ನ ಕೇಳಿದಾಗ ಇವಳು ರಿಜಿಸ್ಟರಿನಲ್ಲಿ "ಖಾಲಿ" ಅಂತ ಬರೆದುಬಿಟ್ಟಳು. ಯಾರದ್ದೋ ಜೀವಕ್ಕೆ ದಾರಿ ತೋರಿಸಬಹುದಾದ ಲೋಳೆ, ಮುಚ್ಚಿಡೋದು ತಪ್ಪು ಅಂತ ಗೊತ್ತು. ಆದರೆ ತಮ್ಮ ಅಂತ ಭೂಮಿ ಮೇಲೆ ಉಳಿದಿದ್ದು ಅಷ್ಟೇ. ಕರುಳು ಕೇಳಬೇಕಲ್ಲ.

ಬಾವಿ ಹತ್ತಿರ ಸದ್ದು ನಿಂತಿತು. ಅವಳು ತಿರುಗಲಿಲ್ಲ. ಕಿವಿ ಹಿಂದೆಯೇ ಪಿಸುಮಾತು...

"ಅಕ್ಕಾ... ಚಳಿ ಕಣೇ."

ಭಯಕ್ಕಿಂತ ಮೊದಲು ಹಳೇ ಮಾತೇ ಬಾಯಿಗೆ ಬಂತು. "ಸ್ವೆಟರ್ ಹಾಕ್ಕೊಳ್ಳೋ."

"ಆಗಲ್ಲ... ಆಚೆ ತೆಗಿ."

"ತೆಗೆದ್ರೆ ಮುಗಿದೇ ಹೋಗ್ತೀಯಲ್ಲೋ..."

ಚಪ್ಪಲಿ ಒಮ್ಮೆ ಸರ್ರ್ ಅಂತು. ಆಮೇಲೆ ಮೆಲ್ಲಗೆ, "ಮುಗೀಲಿ ಬಿಡೇ."

ಅವಳು ಎದ್ದೂ ಬಿದ್ದೂ ಲ್ಯಾಬಿಗೆ ವಾಪಸ್ ಓಡಿದಳು. ಫ್ರೀಜರ್ ತೆಗೆದು ಆ ಟ್ಯೂಬು ಮುಟ್ಟಿದಳು. ಮೇಡಂಗೆ ಫೋನು ಮಾಡಿ, ಸುಳ್ಳು ಬರೆದಿದ್ದನ್ನ ಅಳ್ತಾ ಒಪ್ಪಿಕೊಂಡಳು. ಅವರು ಬೈಯಲಿಲ್ಲ, ಎದ್ದು ಬಂದರು. ಒಮ್ಮೆ ಕರಗಿದ್ದನ್ನ ಮತ್ತೆ ಹೆಪ್ಪುಗಟ್ಟಿಸೋ ಹಾಗಿಲ್ಲ, ಪ್ರೋಟೀನ್ ಕೆಡುತ್ತೆ. ಬೆಳಗಾಗೋದರೊಳಗೆ ಇಬ್ಬರೂ ಕೂತು ಪೂರ್ತಿ ಪರೀಕ್ಷೆಗೆ ಹಾಕಿ ಮುಗಿಸಿದರು. ಕೊನೇ ಹನಿಯನ್ನ ಅವಳೇ ತೆಗೆದಳು.

ಕಟ್ಟುಕತೆ ಅಂತೀರಾ? ಮೇಡಮ್ಮೇ ಮುಟ್ಟಿ ನೋಡಿದ್ದಾರೆ, ಹೋಗಿ ಕೇಳಿ. ಫ್ರೀಜರ್ ಕೆಟ್ಟಿರಲಿಲ್ಲ. ಅದೇ ಡಬ್ಬಿಯಲ್ಲಿದ್ದ ಬೇರೆ ರೋಗಿಗಳ ಟ್ಯೂಬುಗಳೆಲ್ಲ ಕಲ್ಲಾಗಿದ್ದವು. ಅದೊಂದೇ, ಈಗಷ್ಟೇ ಯಾರೋ ಮುಷ್ಟಿಯಲ್ಲಿ ಹಿಡಿದು ಬಿಟ್ಟ ಹಾಗೆ, ಬೆಚ್ಚಗಿತ್ತು.