ಗೋಡೆ ದಾಟದ ಗುಂಡು

ಅಲ್ಲ ಕಣೇ, ಬೇರೆ ಏನಾದ್ರೂ ಹೇಳು, ಅದೊಂದು ಮಾತ್ರ ಹೇಳ್ಬೇಡ! ‘ರಕ್ಷಣೆಗೆ’ ಅನ್ನೋ ಮಾತು ನಿನ್ನ ಬಾಯಿಂದ ಬಂತೋ, ಮುಗೀತು. ಒಂದು ವರ್ಷದ ಓಡಾಟ, ಕ್ಲಾಸು, ಜಪಾನಿ ಭಾಷೇಲಿ ಬರೆದ ಪರೀಕ್ಷೆ, ಡಾಕ್ಟರ ಸರ್ಟಿಫಿಕೇಟು... ಎಲ್ಲ ನೀರಿಗೆ. ಈ ದೇಶದಲ್ಲಿ ಆತ್ಮರಕ್ಷಣೆಗೆ ಅಂತ ಕೋವಿ ಕೊಡಲ್ಲ. ಬೇಟೆಗೆ ಕೊಡ್ತಾರೆ, ಕಾಟ ಕೊಡೋ ಪ್ರಾಣಿ ಹೊಡೆಯೋಕೆ ಕೊಡ್ತಾರೆ, ಅಷ್ಟೇ. ಹಾಗಾದ್ರೆ ಪೊಲೀಸಿನವರು ಕೇಳಿದಾಗ ನೀನು ಏನು ಹೇಳ್ಬೇಕು? ಕರಡಿ. ಕರಡಿ ಅಹಲ್ಯಾ, ಕರಡಿ! ಹೋದ ವರ್ಷ ಪಕ್ಕದ ಮನೆ ಅಜ್ಜಿ ನಿಶಿಮುರಾ ಸಾನ್ ಹಿತ್ತಿಲಲ್ಲಿ ಕಾಕಿ ಹಣ್ಣಿನ ಮರ ಹತ್ತಿ ಕೂತಿತ್ತಲ್ಲ, ಅದು. ಮಗಳು ಸಾಹಿತ್ಯ ಬ್ಯಾಗಿಗೆ ಗಂಟೆ ಕಟ್ಕೊಂಡು ಸ್ಕೂಲಿಗೆ ಹೋಗ್ತಾಳಲ್ಲ, ಯಾತಕ್ಕೆ? ಅದಕ್ಕೇ. ‘ನಮ್ಮ ಯಜಮಾನರು ಈ ನೋಮಿ ಊರಿನ ಬೇಟೆಗಾರರ ಸಂಘ ಸೇರ್ತಾರೆ, ಊರಿಗೆ ಉಪಕಾರ ಆಗ್ಲಿ ಅಂತ.’ ಹೀಗೆ ಹೇಳು.

ಯಾಕೆ ನಗ್ತೀಯ?

ನಗ್ಲಿಲ್ವಾ... ಸರಿ, ನಗ್ಲಿಲ್ಲ.

ಹತ್ತೂವರೆಗೆ ಬರ್ತಾರೆ ಆ ಮಿಯಾಮೊತೊ ಸಾನ್. ಹತ್ತೂವರೆ ಅಂದ್ರೆ ಹತ್ತು ಇಪ್ಪತ್ತೊಂಬತ್ತಕ್ಕೆ ಬಾಗಿಲ ಮುಂದೆ ಇರ್ತಾರೆ, ಪೊಲೀಸಿನವರು ಬೇರೆ. ಈಗ ಹತ್ತೂಕಾಲಾಯ್ತು. ನನ್ನ ಮೊದಲು ಆಚೆ ಕಳಿಸ್ತಾರೆ. ಹೌದು, ನನ್ನ ಮನೆಯಿಂದ ನನ್ನನ್ನೇ! ಗಂಡ ಕೋವಿ ಇಟ್ಕೊಳ್ಳೋಕೆ ಯೋಗ್ಯನೋ ಅಲ್ವೋ ಅಂತ ಹೆಂಡತಿನ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ತಾರೆ. ಎಂಥಾ ಪದ್ಧತಿ ನೋಡು. ನನ್ನ ಹೆಂಡತಿಗೆ ಜಪಾನಿ ಅಷ್ಟಾಗಿ ಬರಲ್ಲ, ನಾನೇ ಪಕ್ಕದಲ್ಲಿ ಕೂತು ಹೇಳ್ತೀನಿ ಅಂದೆ. ಬೇಡ ಅಶ್ವತ್ಥ ಸಾನ್, ಫೋನಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರಿರ್ತಾರೆ ಅಂದ್ರು. ನಗ್ತಾ ನಗ್ತಾ ಅಂದ್ರು. ಅದಾದ ಮೇಲೆ ಕೋವಿ ಇಡೋಕೆ ತಂದಿರೋ ಲಾಕರ್ ನೋಡ್ತಾರಂತೆ.

ಆ ಕಾಗದ ಎತ್ತಿಡು. ಅದಲ್ಲ, ಅದು ಅಪ್ಲಿಕೇಶನ್ನು. ಅದರ ಕೆಳಗಿರೋದು, ನಾನು ಪ್ರಿಂಟ್ ತೆಗೆದಿದ್ದು. ಅವರ ಕಣ್ಣಿಗೆ ಬೀಳಬಾರದು. ಅಮೆರಿಕದವರು ಬರೆದಿದ್ದು, ಗಿಡ್ಡ ನಳಿಗೆ ರೈಫಲ್ಲಿಗೆ ಯಾವ ಗುಂಡು ಒಳ್ಳೇದು ಅಂತ... ಇಲ್ಲಿ ಆ ಗಿಡ್ಡ ರೈಫಲ್ ಕೊಡೋದೇ ಇಲ್ಲ, ಗೊತ್ತು. ಮೊದಲು ಹತ್ತು ವರ್ಷ ಶಾಟ್‌ಗನ್ ಇಟ್ಕೊಂಡು ಒಳ್ಳೆಯವನು ಅನ್ನಿಸ್ಕೋಬೇಕು. ಆಮೇಲೆ ರೈಫಲ್, ಅದೂ ಉದ್ದದ್ದು. ಹತ್ತು ವರ್ಷ. ಆಗ ನನಗೆ ಐವತ್ತೇಳು, ನಿನಗೆ ಐವತ್ತೆರಡು.

ಕಣ್ಣು ಯಾಕೆ ಮುಚ್ಕೊಂಡೆ? ಹತ್ತು ವರ್ಷ ಏನು ಮಹಾ! ಮದುವೆ ಆಗಿ ಹದಿನೆಂಟು ಕಳೀಲಿಲ್ವಾ?

ಓದೋದರಲ್ಲಿ ತಪ್ಪೇನು ಹೇಳು. ರೈಸ್ ಕುಕ್ಕರ್ ತಗೊಳ್ಳೋವಾಗ್ಲೂ ಹದಿನಾಲ್ಕು ಮಾಡೆಲ್ ಎಕ್ಸೆಲ್‌ನಲ್ಲಿ ಹಾಕಿ ನೋಡಿದವನು ನಾನು. ಸಾಫ್ಟ್‌ವೇರಿನವನ ಬುದ್ಧಿ. ಆ ಕುಕ್ಕರ್ ಒಡೆದದ್ದು ಬೇರೆ ಮಾತು, ಅದರ ಸುದ್ದಿ ಈಗ ಬೇಡ. ಕೇಳು, ಸ್ವಾರಸ್ಯ ಇದೆ ಇದರಲ್ಲಿ. ಉದ್ದ ನಳಿಗೆಗೆ ಅಂತ ಮಾಡಿದ ಗುಂಡು ಗಿಡ್ಡ ನಳಿಗೆಯಿಂದ ಹೊರಟ್ರೆ ವೇಗ ಸಾಲಲ್ಲ. ಮೈಗೆ ಹೊಕ್ಕ ಮೇಲೆ ಅದರ ಮೊನೆ ಅರಳಬೇಕು, ಹೂವಿನ ಹಾಗೆ. ವೇಗ ಇಲ್ದಿದ್ರೆ ಅರಳೋದೇ ಇಲ್ಲ. ಸೂಜಿ ಥರ ಈ ಕಡೆ ಹೊಕ್ಕು ಆ ಕಡೆ ಬಂದು, ಗೋಡೆ ತೂರ್ಕೊಂಡು, ಪಕ್ಕದ ಮನೆಯವರಿಗೆ... ಅದಕ್ಕೇ ಅವರು ಅಷ್ಟು ತಲೆ ಕೆಡಿಸ್ಕೊಂಡು ಆರಿಸೋದು. ಗೋಡೆ ದಾಟಬಾರದು. ಮನೆ ಒಳಗಿನದು ಮನೆ ಒಳಗೇ ನಿಲ್ಲಬೇಕು. ಎಷ್ಟು ಯೋಚನೆ ಮಾಡಿದಾರೆ, ಅಲ್ವಾ?

ಏನು ಹಾಗೆ ನೋಡ್ತೀಯ? ಕರಡಿಗೆ ಕಣೇ! ನಾನು ಹೇಳ್ತಿರೋದು ಕರಡಿಗೆ! ಯಾಕೆ, ಕರಡಿ ಮನೆಯೊಳಗೆ ಬರಲ್ವಾ? ಟಿವೀಲಿ ನೋಡ್ಲಿಲ್ವಾ, ಅಂಗಡಿ ಒಳಗೇ ನುಗ್ಗಿತ್ತು.

ಅದಿರ್ಲಿ. ಇಲ್ಲಿ ಗೋಡೆ ಅಂದ್ರೆ ಏನು, ರಟ್ಟು. ಗುಂಡು ಹಾಗಿರ್ಲಿ, ನಿಶಿಮುರಾ ಸಾನ್ ಕೆಮ್ಮಿದ್ರೆ ನಮ್ಮ ಹಾಲಲ್ಲಿ ಕೇಳತ್ತೆ. ಅಂದ್ಮೇಲೆ ಇಲ್ಲಿಂದ ಅಲ್ಲಿಗೂ... ಹೂಂ. ಮಂಗಳವಾರ ಅವರನ್ನೂ ಕೇಳ್ಕೊಂಡು ಹೋದ್ರಂತೆ ಪೊಲೀಸಿನವರು. ಅಕ್ಕಪಕ್ಕದವರನ್ನೂ ಬಿಡಲ್ಲ. ಆಯಮ್ಮ ಏನೂ ಹೇಳಿರಲ್ಲ ಬಿಡು. ಇಲ್ಲಿ ಜನ ಹೇಳಲ್ಲ. ಮಾರ್ಚ್‌ನಲ್ಲಿ ಆವತ್ತು ನಮ್ಮ ಬಾಗಿಲ ಹತ್ರ ಒಂದು ಚೀಲ ಐಸ್ ಇಟ್ಟು ಹೋಗಿದ್ರು, ನೆನಪಿದ್ಯಾ? ಬೆಲ್ ಕೂಡ ಮಾಡ್ಲಿಲ್ಲ, ಪಾಪ. ಯಾಕೆ ಇಟ್ರಿ ಅಂತ ನಾನೂ ಕೇಳ್ಲಿಲ್ಲ. ಅರಿಗಾತೋ, ಉಪಕಾರ ಆಯ್ತು ಅಂದೆ. ಅವರು ಬಗ್ಗಿದ್ರು, ನಾನು ಬಗ್ಗಿದೆ.

ಹನ್ನೆರಡು ವರ್ಷ ಆಯ್ತು ಬಗ್ಗೋಕೆ ಶುರು ಮಾಡಿ. ಆಫೀಸಲ್ಲಿ ‘ತಪ್ಪಾಯ್ತು, ಸುಮಿಮಾಸೆನ್’, ಕೊಂಬಿನಿ ಅಂಗಡೀಲಿ ಸುಮಿಮಾಸೆನ್, ಟ್ರೇನಲ್ಲಿ ಯಾರೋ ನನ್ನ ಕಾಲು ತುಳಿದ್ರೆ ನಾನೇ ಸುಮಿಮಾಸೆನ್! ಪ್ರಶಾಂತ ನನ್ನ ಕೈ ಕೆಳಗೆ ಇದ್ದವನು, ಈಗ ಫುಕುವೋಕಾದಲ್ಲಿ ಸ್ವಂತ ಕಂಪನಿ ಮಾಡ್ಕೊಂಡಿದಾನೆ. ನಾನು ಅದೇ ಕುರ್ಚಿ, ಅದೇ ಕಿಟಕಿ. ಇದೊಂದು ಲೈಸೆನ್ಸ್ ಸಿಕ್ಕಿದ್ರೆ... ನಿನಗೆ ಅರ್ಥ ಆಗಲ್ಲ. ಕೋವಿ ಮುಖ್ಯ ಅಲ್ಲ ಕಣೇ. ಆ ಪುಟ್ಟ ಪುಸ್ತಕದಲ್ಲಿ ನನ್ನ ಫೋಟೋ ಅಂಟಿಸಿ, ಮೊಹರು ಹಾಕಿ, ಈ ಮನುಷ್ಯನನ್ನ ನಂಬಬಹುದು ಅಂತ ಒಂದು ಸರ್ಕಾರ ಬರೆದು ಕೊಡತ್ತೆ. ಯಾರು ಬರೆದು ಕೊಟ್ಟಿದಾರೆ ನನಗೆ ಹಾಗೆ? ನೀನು ಕೊಟ್ಟಿದೀಯಾ?

ಸರಿ, ಇನ್ನೊಂದು ಸಲ ಹೇಳ್ಕೊಳ್ಳೋಣ. ಅವರು ಕೇಳ್ತಾರೆ: ನಿಮ್ಮ ಯಜಮಾನರು ಕುಡೀತಾರಾ? ನೀನು: ಹಬ್ಬ ಹುಣ್ಣಿಮೆಗೆ ಒಂದು ಬಿಯರು. ಸಿಟ್ಟು ಬರತ್ತಾ? ನೀನು: ತುಂಬಾ ಶಾಂತ, ಪುಸ್ತಕ ಓದ್ಕೊಂಡಿರ್ತಾರೆ. ಸುಳ್ಳೇನಲ್ಲವಲ್ಲ, ಓದ್ತೀನಲ್ಲ! ಆಮೇಲೆ... ಯಾವತ್ತಾದ್ರೂ ಕೈ ಮಾಡಿದಾರಾ? ಎಲ್ಲರನ್ನೂ ಕೇಳ್ತಾರೆ, ನಿನ್ನ ಒಬ್ಬಳನ್ನೇ ಅಲ್ಲ. ನೀನು ಇಲ್ಲ ಅನ್ಬೇಕು. ಒಂದೇ ಪದ. ಹೇಳು ನೋಡೋಣ.

ಹೇಳು.

ಒಂದು ಪದ ಅಹಲ್ಯಾ! ಏಳು ತಿಂಗಳಾಯ್ತು, ನನ್ನ ಹತ್ರ ಒಂದು ಪದ ಆಡಿಲ್ಲ ನೀನು. ತಟ್ಟೆ ತಂದಿಡ್ತೀಯ, ಬಟ್ಟೆ ಮಡಿಸಿಡ್ತೀಯ, ಬಾಯಿ ಮಾತ್ರ ಬಿಡಲ್ಲ. ಸಾಹಿತ್ಯ ಹತ್ರ ಮಾತಾಡ್ತೀಯ. ಪಕ್ಕದ್ಮನೆ ಮುದುಕಿ ಹತ್ರ ಅರೆಬರೆ ಜಪಾನೀಲೇ ಅರ್ಧ ಗಂಟೆ ನಿಂತ್ಕೊಂಡು ಮಾತಾಡ್ತೀಯ. ಗೋಡೆ ಈಚೆಯಿಂದ ಕೇಳಿಸ್ಕೋತೀನಿ ನಾನು, ನನ್ನ ಹೆಂಡತಿ ದನಿ ಹೀಗಿತ್ತಲ್ವಾ ಅಂತ. ಈಗ ಮಿಯಾಮೊತೊ ಬಂದು ಕೂತ್ರೆ, ಅವರ ಹತ್ರ... ಅವರ ಹತ್ರ ಮಾತಾಡ್ತೀಯಾ?

ಆ ಕಡೆ ಯಾಕೆ ನೋಡ್ತೀಯ? ಲಾಕರಲ್ಲಿ ಏನಿದೆ? ಏನೂ ಇಲ್ಲ. ಖಾಲಿ. ಕೋವಿ ಬರೋವರೆಗೂ ಖಾಲಿ ಇರ್ಬೇಕು ಅದು. ಕೀ ಎಲ್ಲಿದೆ ಅಂತ ಹೆಂಡತಿಗೂ ಗೊತ್ತಿರಬಾರದು ಅನ್ನೋದು ಇಲ್ಲಿನ ಕಾನೂನು, ನಾನು ಮಾಡಿದ್ದಲ್ಲ.

ನೋಡ್ಬೇಡ ಅಂದೆ.

...ಅಯ್ಯೋ. ಅವರೆದುರಿಗೇ ತೆಗೀಬೇಕಲ್ವಾ ಅದನ್ನ. ಕೀ ಹಾಕಿ, ಬಾಗಿಲು ಪೂರ್ತಿ ತೆಗೆದು ತೋರಿಸ್ಬೇಕು. ಮರೆತೇಬಿಟ್ಟಿದ್ದೆ ನೋಡು! ತಡಿ, ಈಗ್ಲೇ ತೆಗೀತೀನಿ. ನಿಮ್ಮಿಬ್ಬರ ಪಾಸ್‌ಪೋರ್ಟ್, ನಿನ್ನ ರೆಸಿಡೆನ್ಸ್ ಕಾರ್ಡು. ಭದ್ರವಾಗಿರ್ಲಿ ಅಂತ ಇಟ್ಟಿದ್ದು... ಬೇರೆ ಏನಕ್ಕೂ ಅಲ್ಲ. ನನ್ನ ಜಾಕೆಟ್ ಜೇಬಲ್ಲಿ ಇರ್ತವೆ ಬಿಡು. ನೀನು ಆವತ್ತು ಬ್ಯಾಗ್ ತಗೊಂಡು ಹೊರಡ್ದೇ ಇದ್ದಿದ್ರೆ ನಾನು ಯಾಕೆ ಮುಟ್ತಿದ್ದೆ ಅವನ್ನ? ಎಲ್ಲಿಗೆ ಹೋಗ್ತಿದ್ದೆ ನೀನು? ಯಾರಿದಾರೆ ನಿನಗೆ ಇಲ್ಲಿ? ನಿನ್ನ ವೀಸಾ ನನ್ನ ಹೆಸರಿಗೆ ಅಂಟ್ಕೊಂಡಿದೆ, ಗೊತ್ತಲ್ಲ.

ಕೈ ಕೆಳಗಿಡು.

ಟೇಬಲ್ ಮೇಲೆ ಇಡ್ಬೇಡ ಆ ಕೈ, ಸೊಟ್ಟ ಬೆರಳು ಕಾಣತ್ತೆ. ಅವರು ಬಂದಾಗ ಸೆರಗೊಳಗೆ... ನೀನು ಸೀರೆ ಎಲ್ಲಿ ಉಡ್ತೀಯ, ಸ್ವೆಟರ್ ತೋಳೊಳಗೆ ಎಳ್ಕೋ. ಕೇಳಿದ್ರೆ, ಸ್ನಾನದ ಮನೇಲಿ ಜಾರಿ ಬಿದ್ದೆ. ಕ್ಲಿನಿಕ್ಕಲ್ಲಿ ನಾನು ಅದನ್ನೇ ಹೇಳಿರೋದು, ಅವರು ಅದನ್ನೇ ಬರ್ಕೊಂಡಿರೋದು. ಡಾಕ್ಟರು ನಿನ್ನ ಮುಖ ನೋಡಿದ್ರು, ನೀನು ಸುಮ್ಮನಿದ್ದೆ. ಜಾರಿ ಬಿದ್ದವರ ಮೂರು ಬೆರಳು ಒಂದೇ ಗೆರೇಲಿ ಮುರಿಯತ್ತಾ ಅಂತ ಅವರೂ ಕೇಳ್ಲಿಲ್ಲ. ಒಳ್ಳೇ ಜನ.

ಎತ್ತು ಕೈಯನ್ನ ಟೇಬಲ್ ಮೇಲಿಂದ. ಅಹಲ್ಯಾ, ದಮ್ಮಯ್ಯ ಅಂತೀನಿ.

ನೀನು ಆಚೆ ಹೋಗ್ತಿದ್ದೆ. ನಾನು ಬಾಗಿಲು ಹಾಕ್ದೆ. ಕಬ್ಬಿಣದ ಬಾಗಿಲು, ಗಾಳಿಗೆ ಬಡೀತು... ಗಾಳಿ ಇತ್ತು ಆವತ್ತು. ಇರ್ಲಿಲ್ವಾ? ನಾನೇ ಹಾಕ್ದೆ, ಸರಿ. ಸಿಟ್ಟಲ್ಲಿ ಜೋರಾಗಿ ಹಾಕ್ದೆ. ಆದ್ರೆ ನಿನ್ನ ಕೈ ಚೌಕಟ್ಟಿನ ಮೇಲಿದೆ ಅಂತ ನನಗೆ ಕಾಣ್ಲಿಲ್ಲ. ಕಂಡಿದ್ರೆ ಹಾಕ್ತಿದ್ನಾ ನಾನು? ನೀನೇ ಹೇಳು, ಹಾಕ್ತಿದ್ನಾ?

ಏನಾದ್ರೂ ಅನ್ನು. ಬೈಯಿ. ಹೀಗೆ ನೋಡ್ಬೇಡ...

...ಕಾಣ್ತಿತ್ತು.

ಸರಿ. ಕಾಣ್ತಿತ್ತು. ಉಂಗುರ ಕೂಡ ಕಾಣ್ತಿತ್ತು.

ಬೆಲ್. ಹತ್ತು ಇಪ್ಪತ್ತೊಂಬತ್ತು, ಹೇಳ್ಲಿಲ್ವಾ ನಾನು? ಸಾರಿ... ಆಮೇಲೆ ಮಾತಾಡೋಣ, ಎಲ್ಲ ಆಮೇಲೆ. ಕೂದಲು ಸರಿ ಮಾಡ್ಕೋ. ಹೆಂಗಿದೆ ನನ್ನ ಮುಖ, ಸರಿ ಇದ್ಯಾ? ‘ಇಲ್ಲ’ ಅಂತ ಹೇಳ್ತೀಯಲ್ಲ? ಹೇಳ್ತೀಯಲ್ಲ ಅಹಲ್ಯಾ?

ಹೋಗು, ಬಾಗಿಲು ತೆಗಿ. ನಿಧಾನ... ಬೆರಳು ಜೋಪಾನ.